ಮೂರನೆಯ ಮಿತಿ

1998 ಸೆಪ್ಟೆಂಬರ್ 9

...ಎಡಕ್ಕೆ ಏನು ಬರುತ್ತಿದೆ ಎಂದೋ, ಯಾರು ಬರುತ್ತಿದ್ದಾರೆ ಎಂದೋ. ಅಪ್ಪ ಕೇಳುತ್ತಿದ್ದ ಮಾತು ಸರಿಯಾಗಿ ನೆನಪಾಗಲಿಲ್ಲ. ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂತ ನಾನು ಏನೋ ಉತ್ತರ ಕೊಡುತ್ತಿದ್ದೆ. ಇವತ್ತು ಅಂಗಡಿಯ ಷಟರ್ ಎತ್ತುವಾಗ ಪಕ್ಕದ ಕಂಬಕ್ಕೆ ಎಡ ಭುಜ ತಗುಲಿತು. ಆಗ ಇದು ನೆನಪಾಯಿತು. ಕಂಬ ಹತ್ತು ವರ್ಷದಿಂದ ಅಲ್ಲೇ ಇದೆ.

ಹೊಸ ಡಿಸ್‌ಪ್ಲೇ ಕಾರ್ಡ್ ಬಂತು. ಕಂಪ್ಯೂಟರ್ ಮಾರುವ ಪಾಂಡಿಯರಾಜನ್ ದಿಂಡಿಗಲ್ಲಿನಿಂದ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದು ಕಂಪ್ಯೂಟರಿಗೆ ಸಿಕ್ಕಿಸಿದ. ಜೊತೆಗೆ ಒಂದು ಫ್ಲಾಪಿ. ಅದರಲ್ಲಿ ಡ್ರೈವರ್ ಇದೆ, ಅಂದರೆ ಕಾರ್ಡು ಹೇಳಿದ್ದನ್ನು ಪರದೆಗೆ ಮುಟ್ಟಿಸುವ ತಂತ್ರಾಂಶ. ಫ್ಲಾಪಿಯಲ್ಲಿ ಓದಿಕೊಳ್ಳಲು ಒಂದು ಪುಟವೂ ಇತ್ತು. ಕೊನೆಯಲ್ಲಿ ‘ತಿಳಿದಿರುವ ಮಿತಿಗಳು’ ಎಂದು ನಾಲ್ಕು ಸಾಲು. ಒಂದು, ಪರದೆ ದೊಡ್ಡದು ಮಾಡಿದರೆ ಬಣ್ಣಗಳು ಕಡಿಮೆಯಾಗುತ್ತವೆ. ಎರಡು, ಮೌಸಿನ ಬಾಣ ಕೆಲವೊಮ್ಮೆ ನೆರಳು ಬಿಡುತ್ತದೆ. ಮೂರು, ಪುಟದ ಎಡ ಅಂಚು ಕೂಡಲೇ ಮೂಡದೆ ಇರಬಹುದು. ಮೌಸನ್ನು ಅತ್ತ ಒಯ್ದರೆ ಮೂಡುತ್ತದೆ. ನಾಲ್ಕು, ಕರೆಂಟು ಹೋಗಿ ಬಂದರೆ ಪರದೆ ಕಪ್ಪಾಗಿಯೇ ಉಳಿಯಬಹುದು.

ಸುಗನ್ಯಾಗೆ ಓದಿ ಹೇಳಿದೆ. ಅಕ್ಕನ ಮಗಳು, ಎರಡು ವರ್ಷದಿಂದ ನನ್ನ ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡುತ್ತಾಳೆ.

“ಕಂಪ್ಯೂಟರ್ಗೂ ಜಾತಕ ಇರ್ತದಾ ಮಾಮಾ? ದೋಷ ಎಲ್ಲಾ ಅವ್ರೇ ಬರ್ದು ಕೊಟ್ಟವ್ರಲ್ಲ.”

“ಮರ್ಯಾದಸ್ತರು.”

“ಎಣ್ ನೋಡಕ್ ಬತ್ತಾರಲ್ಲ, ಅವ್ರೂ ಇಂಗೊಂದ್ ಚೀಟಿ ತಂದ್ರೆ ಒಳ್ಳೇದು. ಮಾಪಿಳ್ಳೈ ಗೊರಕೆ ಒಡೀತಾರೆ, ಮಿತಿ ನಂಬರ್ ಒಂದು.”

ಈ ಪುಸ್ತಕ ಯಾರ ಕೈಗೆ ಸಿಕ್ಕರೂ ಭಯವಿಲ್ಲ. ನಾವು ಮನೆಯಲ್ಲಿ ಮಾತಾಡುವುದು ಕನ್ನಡ, ಬರೆಯುವುದು ತಮಿಳು. ಈ ಕನ್ನಡ ಲಿಪಿಯನ್ನು ನಾನು ಮೈಸೂರಿನ ಒಂದು ಪ್ರೆಸ್ಸಿನಲ್ಲಿ ಎಂಟು ವರ್ಷ ಮೊಳೆ ಜೋಡಿಸುತ್ತ ಕಲಿತೆ. ಬೋಡಿನಾಯಕನೂರಿನಲ್ಲಿ ಇದನ್ನು ಓದಬಲ್ಲವನು ನನಗೆ ತಿಳಿದ ಮಟ್ಟಿಗೆ ನಾನೊಬ್ಬನೇ.

ಸೆಪ್ಟೆಂಬರ್ 14

ಓಡೈಪಟ್ಟಿಯ ದ್ರಾಕ್ಷಿ ಪೆಟ್ಟಿಗೆಗಳಿಗೆ ಚೀಟಿ. ಬಲಗಡೆ ಗೊಂಚಲು, ಎಡಗಡೆ ತೋಟದ ಹೆಸರು. ಹೆಸರು ಇರಲಿಲ್ಲ. ಕಪ್ಪಾಗಿರಲಿಲ್ಲ, ಮಸುಕಾಗಿಯೂ ಇರಲಿಲ್ಲ. ಹಿನ್ನೆಲೆಯ ಹಸಿರು ಅಲ್ಲಿಯವರೆಗೂ ಸುಮ್ಮನೆ ಹರಡಿಕೊಂಡಿತ್ತು. ಮೌಸನ್ನು ಅತ್ತ ಒಯ್ದೆ, ಹೆಸರು ಮೂಡಿತು. ಮೂರನೆಯ ಮಿತಿ. ಮುಂಚೆಯೇ ಹೇಳಿಟ್ಟಿದ್ದರಿಂದ ಸಿಟ್ಟು ಬರಲಿಲ್ಲ.

ಸೆಪ್ಟೆಂಬರ್ 26

ದಿಂಡಿಗಲ್‌ಗೆ ಹೋಗಿ ಬಂದೆ. ಬಸ್ ನಿಲ್ದಾಣದಲ್ಲಿ ಇಳಿದು ಎರಡು ಹೆಜ್ಜೆ ಇಡುವಷ್ಟರಲ್ಲಿ ಹೂ ಮಾರುವವಳ ಬುಟ್ಟಿ ಕಾಲಿಗೆ ಸಿಕ್ಕಿತು. ಕಣ್ಣನ್ನು ಜೇಬಿನಲ್ಲಿ ಇಟ್ಟುಕೊಂಡು ನಡೆಯುತ್ತೀಯಾ ಎಂದು ತಮಿಳಿನಲ್ಲಿ ಬೈದಳು. ದಾರಿಗೇ ಬುಟ್ಟಿ ಇಡುವುದು ಈ ಊರಿನ ಅಭ್ಯಾಸವಾಗಿದೆ.

ಪಾಂಡಿಯರಾಜನ್ ಎರಡನೆಯ ಆವೃತ್ತಿಯ ಡ್ರೈವರನ್ನು ಫ್ಲಾಪಿಗೆ ಹಾಕಿಕೊಟ್ಟ. ಅದರ ಪುಟವನ್ನು ಅಲ್ಲೇ ಓದಿದೆ. ನಾಲ್ಕನೆಯ ಮಿತಿ ಹೋಗಿದೆ. ಮೂರನೆಯದು ಇದೆ. ‘ಮುಂದಿನ ಆವೃತ್ತಿಯಲ್ಲಿ ಸರಿಪಡಿಸಲಾಗುವುದು.’

“ಇದೇ ಕಾರ್ಡು ಅನ್ನೊಂದು ಮಾರಿದೀನಿ ಅಣ್ಣೇ. ಎಡಗಡೆ ಅಂತ ಬಂದೋರು ನೀವೊಬ್ರೇ.”

“ಕಂಪನಿಯವರೇ ಬರೆದಿದ್ದಾರಲ್ಲ.”

“ಬರ್ದವ್ರೆ. ಇಲ್ಲ ಅನ್ನಲಿಲ್ಲ. ಬೇರೆಯೋರು ಎಲ್ಲಾ ಒಂದ್ ಚಣ ಕಾಯ್ತಾರೆ, ಬಂದ್ಬಿಡ್ತದೆ ಅಂತಾರೆ. ನೀವು ಮೈಸೂರಲ್ಲಿ ಇದ್ದೋರು, ನಿಮ್ಗೆ ಎಲ್ಲಾ ನೇರ್ಪಾಗಿರ್ಬೇಕು.”

ಹೊಗಳಿದನೋ ಇಲ್ಲವೋ ತಿಳಿಯಲಿಲ್ಲ.

ಅಕ್ಟೋಬರ್ 8

ಎರಡನೆಯ ಆವೃತ್ತಿ ಹಾಕಿದ ಮೇಲೆ ನಾಲ್ಕು ದಿನ ಚೆನ್ನಾಗಿತ್ತು. ನಾನೂ ಅಷ್ಟು ದಿನ ಪರದೆಯ ಮೂಲೆ ಮೂಲೆಗೂ ಮೌಸ್ ಆಡಿಸುತ್ತಲೇ ಇದ್ದೆ. ಐದನೆಯ ದಿನದಿಂದ ಹಿಂದಿನಂತೆಯೇ.

ಈ ಪುಸ್ತಕದ ಹಳೆಯ ಪುಟಗಳನ್ನು ತಿರುವಿದೆ. ಎಡಗಡೆ ನಾಲ್ಕು ಬೆರಳಷ್ಟು ಜಾಗ ಬಿಟ್ಟು ಬರೆಯುತ್ತಿದ್ದೇನೆ. ಪ್ರೆಸ್ಸಿನ ಕಾಲದ ಅಭ್ಯಾಸ ಇರಬೇಕು.

ಅಕ್ಟೋಬರ್ 21

ದೀಪಾವಳಿ ಮುಗಿಯಿತು. ಸುಗನ್ಯಾಳ ಮದುವೆ ಗಟ್ಟಿಯಾಯಿತು. ಹುಡುಗ ಹನುಮಂತನಪಟ್ಟಿಯ ಕಾಮರಾಜ್. ದ್ರಾಕ್ಷಿ ಚಪ್ಪರ ಇದೆ, ಒಂದಿಷ್ಟು ಗದ್ದೆ, ಒಂದು ಮಿನಿ ಲಾರಿ. ಸಂಕ್ರಾಂತಿ ಕಳೆದು ತೈ ತಿಂಗಳಲ್ಲಿ ಮುಹೂರ್ತ.

ಅಕ್ಕ ಓಚ್ಚಮ್ಮಾಳ್ ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡೇ ನನ್ನ ಕೆಲಸಗಳನ್ನು ಹೇಳಿದಳು. ತಾಯ್ಮಾಮ ನಾನು. ಹೆಣ್ಣಿಗೆ ಸೀರೆ ನಾನು ತರಬೇಕು. ಕೈ ಹಿಡಿದು ಮಣೆಗೆ ನಾನೇ ಕರೆತರಬೇಕು. ಪತ್ರಿಕೆಯಲ್ಲಿ ತಾಯ್ಮಾಮನ ಹೆಸರು ತಂದೆ ತಾಯಿಯ ಹೆಸರಿನ ಪಕ್ಕದಲ್ಲೇ ಬರಬೇಕು.

“ಪತ್ರಿಕೈ ನೀನೇ ಮಾಡಾದು ತಂಬಿ. ಬೇರೆ ಕಡೆ ಕೊಟ್ರೆ ಸಮ್ಮಂದಿ ನಗ್ತಾರೆ.”

ನಾನು ಮದುವೆಯಾಗಲಿಲ್ಲ. ಯಾಕೆ ಎಂದು ಮೊದಲೆಲ್ಲ ಕೇಳುತ್ತಿದ್ದರು, ಈಗ ಕೇಳುವುದಿಲ್ಲ. ಈ ಒಂದು ಮದುವೆಯಲ್ಲಿ ನನಗೂ ಒಂದು ಜಾಗ ಇದೆ ಎನ್ನುವುದು, ಸರಿ, ಬೇಡವಾಗಿಲ್ಲ.

ನವೆಂಬರ್ 4

ಸುಗನ್ಯಾ ಟೀ ಲೋಟವನ್ನು ಈಗ ನನ್ನ ಬಲಗಡೆ ಇಡುತ್ತಾಳೆ. ಏಕೋ ತಿಳಿಯದು. ಚೆಲ್ಲುವುದು ನಿಂತಿದೆ.

ಬೀದಿ ದೀಪಗಳ ಸುತ್ತ ಬಳೆಗಳು. ಮಳೆಯ ತೇವ ಗಾಳಿಯಲ್ಲೇ ಉಳಿದಿರಬೇಕು.

ನವೆಂಬರ್ 25

ಪತ್ರಿಕೆಯನ್ನು ಮುಗಿಸಿದೆ. ಹೆಸರುಗಳನ್ನು ಸುಗನ್ಯಾ ಟೈಪ್ ಮಾಡಿಟ್ಟಿದ್ದಳು, ಜೋಡಿಸಿದ್ದು ನಾನು. ಮಧ್ಯದಲ್ಲಿ ಹುಡುಗ ಹುಡುಗಿ, ಬಲಗಡೆ ಹುಡುಗನ ಕಡೆಯವರು. ಕೆಳಗಿನ ಎಡ ಮೂಲೆ ಬೋಳಾಗಿ ಕಂಡಿತು. ಅಲ್ಲಿ ಗೊನೆ ಬಿಟ್ಟ ಒಂದು ಬಾಳೆಗಿಡ ಇಟ್ಟೆ. ಸ್ವಲ್ಪ ದೊಡ್ಡದಾಗಿಯೇ ಇಟ್ಟೆ. ಪುಟಕ್ಕೆ ತೂಕ ಬಂತು. ಬಹಳ ದಿನಗಳ ನಂತರ ನನ್ನ ಕೆಲಸ ನನಗೇ ಹಿಡಿಸಿತು.

ಐನೂರು ಪ್ರತಿ. ಶುಭಕಾರ್ಯಕ್ಕೆ ಆಗದ ಮಾರ್ಗಳಿ ಮಾಸ ಹುಟ್ಟುವ ಮುಂಚೆ ಹಂಚಿ ಮುಗಿಸಬೇಕು ಎಂದು ಅಕ್ಕ ಅವಸರ ಮಾಡುತ್ತಿದ್ದಾಳೆ. ನೇರವಾಗಿ ಪ್ರೆಸ್ಸಿಗೆ ಕೊಟ್ಟೆ.

ಡಿಸೆಂಬರ್ 9

ನನ್ನ ಹೆಸರಿಲ್ಲ.

ಅಕ್ಕನಿಗೆ ಓದಲು ಬಾರದು. ಸುಗನ್ಯಾ ಕಟ್ಟು ಬಿಚ್ಚುವ ಮುಂಚೆಯೇ ಭಾವ ನೂರು ಪತ್ರಿಕೆ ತೆಗೆದುಕೊಂಡು ಹನುಮಂತನಪಟ್ಟಿಗೆ ಹೋಗಿದ್ದ. ಅಲ್ಲಿ ಕಾಮರಾಜನ ತಂದೆ ಕನ್ನಡಕ ಹಾಕಿಕೊಂಡು ಮೇಲಿನಿಂದ ಓದಿದರಂತೆ. ಕೆಳಗೆ ಬಂದು ನಿಂತರಂತೆ. “ತಾಯ್ಮಾಮನ್ ಎಲ್ಲಿ?”

ಬಾಳೆಗಿಡದ ಬುಡದಲ್ಲಿ. ‘ತಾಯ್ಮಾಮನ್: ಚಿ. ಮಾದವನ್, ಬೋಡಿ’ ಎಂಬ ಸಾಲನ್ನು ಸುಗನ್ಯಾ ಆ ಮೂಲೆಯಲ್ಲೇ ಟೈಪ್ ಮಾಡಿಟ್ಟಿದ್ದಳು. ನಾನು ಚಿತ್ರವನ್ನು ಅದರ ಮೇಲೆ ಇಟ್ಟಿದ್ದೇನೆ. ಕಡತ ತೆರೆದು ಚಿತ್ರವನ್ನು ಸರಿಸಿದೆ. ಸಾಲು ಅಲ್ಲೇ ಇದೆ, ನೇರವಾಗಿ, ಒಂದೂ ತಪ್ಪಿಲ್ಲದೆ.

ಡಿಸೆಂಬರ್ 10

ಅಕ್ಕ, ಭಾವ, ನಾನು, ಸುಗನ್ಯಾ ನಾಲ್ವರೂ ಹನುಮಂತನಪಟ್ಟಿಗೆ ಹೋದೆವು. ನೀರು ಕೊಟ್ಟರು, ಕಾಫಿ ಕೊಡಲಿಲ್ಲ.

ಕಾಮರಾಜನ ತಂದೆ ಪತ್ರಿಕೆಯನ್ನು ನನ್ನ ಮುಂದೆ ಇಟ್ಟರು. “ನಿಮ್ಗೆ ಮನಸ್ಸಿಲ್ಲ ಅಂದ್ರೆ ಬಾಯಿ ಬಿಟ್ಟು ಏಳ್ಬೇಕು. ಇಂಗೆ ಅಚ್ಚಾಕಿ ಊರ್ಗೆಲ್ಲ ಅಂಚಾದಾ?”

“ಮನಸ್ಸಿದೆ. ಕಂಪ್ಯೂಟರಿನಲ್ಲಿ ಒಂದು ದೋಷ...”

“ಕಂಪ್ಯೂಟರ್ಗೆ ತಾಯ್ಮಾಮನ್ ಮೇಲೆ ಏನ್ ಪಗೆ?” ಪಕ್ಕದಲ್ಲಿದ್ದವರು ನಕ್ಕರು. ಗೋಡೆಗೆ ಒರಗಿದ್ದ ಒಬ್ಬ ಮುದುಕ ಯಾರಿಗೂ ಅಲ್ಲ ಎಂಬಂತೆ ಹೇಳಿದ. “ಅಕ್ಕನ್ ಮಗಳು. ಕಟ್ಕೊಳ್ಳಾ ಮೊರೆ ಇರಾದು ಮಾಮನ್ಗೇ. ಇಷ್ಟ್ ದಿವ್ಸ ಒಂಟಿಯಾಗಿ ಯಾರ್ಗೆ ಕಾಯ್ತಿದ್ನೋ, ಯಾರ್ ಕಂಡ್ರು.”

ಸುಗನ್ಯಾ ತಲೆ ತಗ್ಗಿಸಿದಳು. ಆಗ ನಾನು ಹೇಳಿದೆ, ಹೆಸರು ಟೈಪ್ ಮಾಡಿದವಳು ಅವಳು, ನನಗೆ ಗೊತ್ತಿಲ್ಲ ಎಂದು.

ಹೇಳಿದ್ದೇನೆ. ಇಲ್ಲಿ ಬರೆದಿಡುತ್ತೇನೆ. ಆ ಮುದುಕನ ಮಾತಿನಿಂದ ಜಾರಿಕೊಳ್ಳಲು ಸಿಕ್ಕಿದ ಮೊದಲ ಕಂಬವನ್ನು ಹಿಡಿದೆ. ಅವರ ಮುಖಗಳು ನನ್ನಿಂದ ಅವಳ ಕಡೆಗೆ ತಿರುಗಿದವು. ಮಾಮನ ಹೆಸರನ್ನು ಹುಡುಗಿಯೇ ಬಿಟ್ಟಳು ಎಂದರೆ ಅದರ ಹಿಂದೆ ಏನೋ ಇರಬೇಕು, ಹಾಗೆ. ಅವಳು ನನ್ನನ್ನು ನೋಡಿದಳು. ಅವಳು ನನ್ನ ಎಡಗಡೆ ಕೂತಿದ್ದಳು. ಪೂರ್ತಿ ತಿರುಗಿದ ಮೇಲೆಯೇ ನನಗೆ ಅದು ತಿಳಿದದ್ದು.

ಮುಹೂರ್ತದ ಮಾತು ಆಮೇಲೆ ಆಡೋಣ ಎಂದು ಕಳಿಸಿದರು.

ಡಿಸೆಂಬರ್ 11

ಸುಗನ್ಯಾ ಅಂಗಡಿಗೆ ಬರಲಿಲ್ಲ.

ಡಿಸೆಂಬರ್ 13

ಬರಲಿಲ್ಲ. ಟೀ ಚೆಲ್ಲಿತು.

ಡಿಸೆಂಬರ್ 17

ಪಾಂಡಿಯರಾಜನ್ ಫೋನ್ ಮಾಡಿದ್ದ. ಮೂರನೆಯ ಆವೃತ್ತಿ ಬಂದಿದೆ ಎಂದು. ಮೊದಲ ಬಸ್ಸಿಗೇ ಹೋದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಈ ಫ್ಲಾಪಿಯನ್ನು ಹನುಮಂತನಪಟ್ಟಿಗೇ ತೆಗೆದುಕೊಂಡು ಹೋಗಿ, ನೋಡಿ, ಕಂಪನಿಯವರೇ ತಪ್ಪೊಪ್ಪಿಕೊಂಡು ಸರಿಮಾಡಿದ್ದಾರೆ ಎಂದು ಆ ಪುಟವನ್ನು ಓದಿ ಹೇಳಬೇಕು. ಸುಗನ್ಯಾಳದೂ ತಪ್ಪಲ್ಲ, ನನ್ನದೂ ಅಲ್ಲ.

ಪುಟ ಅವನ ಅಂಗಡಿಯಲ್ಲೇ ತೆರೆದೆವು. ತಿಳಿದಿರುವ ಮಿತಿಗಳು: ಒಂದು, ಎರಡು. ಅಷ್ಟೇ. ಮೇಲೆ ಬೇರೆ ಸಾಲು. ‘ಎಡ ಅಂಚು ತಡವಾಗಿ ಮೂಡುತ್ತಿದ್ದ ದೋಷವನ್ನು ನಿವಾರಿಸಲಾಗಿದೆ.’

“ಸಂತೋಷವಾ ಅಣ್ಣೇ? ಇನ್ನು ನನ್ನ ಬಿಡ್ತೀರಿ.”

ಮಧ್ಯಾಹ್ನ ಬೋಡಿಗೆ ಬಂದು ಹಾಕಿದೆ. ಕಂಪ್ಯೂಟರನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಿದೆ. ಪತ್ರಿಕೆಯ ಕಡತ ತೆರೆದು, ಬಾಳೆಗಿಡವನ್ನು ಅಳಿಸಿ, ಕೈ ಕಟ್ಟಿಕೊಂಡು ಕೂತೆ. ಮೌಸ್ ಮುಟ್ಟಲಿಲ್ಲ. ಹುಡುಗನ ಹೆಸರನ್ನೇ ನೋಡುತ್ತ ಕೂತೆ. ಕೆಳಗಿನ ಎಡ ಮೂಲೆ ಬಿಳಿಯಾಗಿತ್ತು. ಒಂದು ಕ್ಷಣ ಕಾದೆ, ಉಳಿದವರೆಲ್ಲ ಕಾಯುತ್ತಾರಂತಲ್ಲ, ಹಾಗೆ. ಬಹಳ ಹೊತ್ತು ಕಾದೆ. ಬಿಳಿಯಾಗಿಯೇ ಇತ್ತು.

ಮೌಸ್ ಮುಟ್ಟದೆ ಕಣ್ಣನ್ನು ಮಾತ್ರ ಅತ್ತ ತಿರುಗಿಸಿದೆ. ಹೆಸರು ಬಂತು. ಕಣ್ಣನ್ನು ವಾಪಸು ತಂದೆ. ಹೋಯಿತು.

ಪರದೆಯನ್ನು ಆರಿಸಿ ಗೋಡೆಯ ಕಡೆ ತಿರುಗಿದೆ. ಏಲಕ್ಕಿ ಮಂಡಿಯವರು ಕೊಟ್ಟ ಕ್ಯಾಲೆಂಡರ್ ಇದೆ. ಮಧ್ಯದ ಬುಧವಾರವನ್ನು ನೋಡುತ್ತ ಕೂತೆ. ಭಾನುವಾರಗಳ ಸಾಲು ಇರಲಿಲ್ಲ. ಗೋಡೆಗೆ ಯಾವ ಡ್ರೈವರೂ ಇಲ್ಲ.

ಡಿಸೆಂಬರ್ 18

ಅಂಗಡಿ ತೆರೆಯಲಿಲ್ಲ.

ಡಿಸೆಂಬರ್ 20

ಅಕ್ಕನ ಮನೆಗೆ ಹೋಗಿ ಸುಗನ್ಯಾಗೆ ಹೇಳಿದೆ. ಹೇಳಬೇಕಾದದ್ದನ್ನೆಲ್ಲ ಬಸ್ಸಿನಲ್ಲಿ ಜೋಡಿಸಿಕೊಂಡು ಹೋಗಿದ್ದೆ. ಅವಳು ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ.

“ನಂಗೆ ಗೊತ್ತು.”

“ಯಾವಾಗಿಂದ?”

“ಟೀ ಬಲಕ್ಕೆ ಇಟ್ಟಾಗಿಂದ. ಎಡಕ್ಕೆ ಇಟ್ರೆ ಕೈ ತಟ್ಟಿ ಚೆಲ್ತೀರಿ, ಆಮೇಲೆ ನನ್ನ ಬಯ್ತೀರಿ.”

“ಹೇಳಬೇಕಿತ್ತು.”

“ಎಂಗೆ ಏಳಾದು ಮಾಮಾ. ಡ್ರೈವರ್ ಡ್ರೈವರ್ ಅಂತ ನೀವು ದಿಂಡಿಗಲ್ಗೆ ಓಗ್ತಿದ್ರಿ. ಒಂದ್ ಪುಟ ತಂದು ನಂಗೆ ಓದಿ ಬೇರೆ ಏಳ್ತಿದ್ರಿ. ನೀವು ಅಷ್ಟ್ ನಂಬ್ಕೊಂಡಿರಾದನ್ನ ನಾನು ಎಂಗೆ ಪಿಡುಂಗಿ ತೆಗೀಲಿ?” ಒಂದು ಕಲ್ಲನ್ನು ಆರಿಸಿ ಅಂಗಳಕ್ಕೆ ಎಸೆದಳು. “ಆದ್ರೆ ಅವ್ರ್ ಮುಂದೆ ನನ್ನ ತೋರ್ಸಿದ್ರಲ್ಲ. ಅದ್ ಮಾತ್ರ ನಾನು ನಿನೆಚ್ಚಿರಲಿಲ್ಲ.”

ಅವಳ ಎದುರಿಗೆ ಕೂತು ನಾನೂ ಒಂದು ಹಿಡಿ ಅಕ್ಕಿ ತೆಗೆದುಕೊಂಡೆ.

ಕಾಮರಾಜನ ಮನೆಗೆ ಹೋಗಿ ಕಣ್ಣಿನ ವಿಷಯ ಹೇಳಿಬಿಡುತ್ತೇನೆ ಎಂದೆ. ಅಕ್ಕ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದಳು.

“ಕಣ್ಣು ಅಂತ ಬಾಯಿ ಬಿಡ್ಬ್ಯಾಡ ತಂಬಿ. ಮಾಮನ್ಗೆ ಬಂದದ್ದು ಅಕ್ಕನ್ ಮಗಳ್ಗೂ ಬತ್ತದೆ ಅಂತಾರೆ. ಪತ್ರಿಕೈ ವಿಸ್ಯ ಒಂದ್ ತಿಂಗ್ಳಲ್ಲಿ ಮರೀತಾರೆ. ರಕ್ತದಲ್ಲಿ ಇರ್ತದೆ ಅಂದ್ರೆ ಮರೀತಾರಾ?”

“ರಕ್ತದಲ್ಲಿ ಇದೆ ಅಂತ ಯಾರು ಹೇಳಿದರು?”

ಅಕ್ಕ ಸೌಟನ್ನು ನೋಡಿದಳು. ಸಾರು ಉಕ್ಕುತ್ತಿದೆ ಎಂದು ಒಳಗೆ ಹೋದಳು. ಏನೂ ಉಕ್ಕುತ್ತಿರಲಿಲ್ಲ.

1999 ಜನವರಿ 2

ಮದುರೆಯ ಕಣ್ಣಾಸ್ಪತ್ರೆ. ಸುಗನ್ಯಾಳೂ ಬಂದಿದ್ದಳು, ತನ್ನದನ್ನೂ ನೋಡಿಸಿಕೊಳ್ಳುತ್ತೇನೆ ಎಂದು ಹಟ ಹಿಡಿದು.

ಬಿಳಿ ಬಟ್ಟಲಿನಂಥ ಯಂತ್ರದೊಳಗೆ ಗಲ್ಲ ಇಟ್ಟು ಮಧ್ಯದ ಚುಕ್ಕೆಯನ್ನೇ ನೋಡಬೇಕು. ಸುತ್ತ ಎಲ್ಲಾದರೂ ಬೆಳಕು ಮಿನುಗಿದರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ನಾನು ಒತ್ತುತ್ತಾ ಹೋದೆ. ನಡುನಡುವೆ ದೀರ್ಘ ಮೌನಗಳಿದ್ದವು. ಯಂತ್ರ ವಿಶ್ರಾಂತಿ ಪಡೆಯುತ್ತಿದೆ ಎಂದುಕೊಂಡೆ. ಆಮೇಲೆ ಅದು ಅಚ್ಚು ಮಾಡಿಕೊಟ್ಟ ಹಾಳೆಯಲ್ಲಿ ಆ ಮೌನಗಳೆಲ್ಲ ಕಪ್ಪಾಗಿದ್ದವು. ಹೆಚ್ಚಿನವು ಎಡಕ್ಕೆ. ಅಚ್ಚು ಚೆನ್ನಾಗಿತ್ತು, ಅಂಚುಗಳು ಚೊಕ್ಕವಾಗಿದ್ದವು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಕಣ್ಣಿನೊಳಗಿನ ಒತ್ತಡ, ನರ ಸಾಯುತ್ತಾ ಬಂದಿದೆ, ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬಹುದು. ದಿನಕ್ಕೆ ಎರಡು ಸಲ ಹನಿ, ಜೀವ ಇರುವವರೆಗೂ. ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತೇ ಎಂದು ಕೇಳಿದರು. ಇಲ್ಲ ಎಂದೆ.

ಸುಗನ್ಯಾಗೆ ಏನೂ ಇಲ್ಲ. ಈಗ ಇಲ್ಲ, ವರ್ಷಕ್ಕೊಮ್ಮೆ ಬಂದು ನೋಡಿಸಿ ಎಂದರು.

ಜನವರಿ 5

ಅಕ್ಕನಿಗೆ ಹೇಳದೆ ಹನುಮಂತನಪಟ್ಟಿಗೆ ಹೋದೆ. ಕಾಮರಾಜನ ತಂದೆ ಚಪ್ಪರದ ಕೆಳಗೆ ಇದ್ದರು. ಹಾಳೆಯನ್ನು ಕೊಟ್ಟೆ. ಕಪ್ಪಿರುವ ಕಡೆ ನನಗೆ ಕಾಣುವುದಿಲ್ಲ, ನನ್ನ ಹೆಸರು ಅಲ್ಲಿತ್ತು, ಹುಡುಗಿ ಸರಿಯಾಗಿಯೇ ಟೈಪ್ ಮಾಡಿದ್ದಳು, ಅವಳ ಮೇಲೆ ಹೇಳಿದ್ದು ಸುಳ್ಳು ಎಂದೆ. ಇಷ್ಟನ್ನು ಒಂದೇ ಉಸಿರಿಗೆ.

ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. “ಉಡುಗಿಗೆ?”

“ಪರೀಕ್ಷೆ ಮಾಡಿಸಿದೆವು. ಈಗ ಇಲ್ಲ.”

‘ಈಗ’ ಎಂಬುದನ್ನು ಬಿಡಬಹುದಿತ್ತು. ಬಿಡಲಿಲ್ಲ. ಅವರು ಆ ಪದದ ಮೇಲೆಯೇ ನಿಂತದ್ದು ಗೊತ್ತಾಯಿತು. ಮನೆಯಲ್ಲಿ ಕೇಳಿ ಹೇಳುತ್ತೇವೆ ಎಂದರು. ಹೊರಡುವಾಗ ಚಪ್ಪರದ ತಂತಿಗೆ ತಲೆ ತಗುಲದಂತೆ ನನ್ನ ಎಡ ತೋಳನ್ನು ಹಿಡಿದು ರಸ್ತೆಯವರೆಗೂ ಬಂದರು. ಅದು ಮರ್ಯಾದೆಯೋ, ಆಗಲೇ ಕುರುಡನಿಗೆ ತೋರುವ ಕರುಣೆಯೋ.

ಜನವರಿ 9

ಕಾಮರಾಜ್ ಅಂಗಡಿಗೆ ಬಂದ. ಲಾರಿಯನ್ನು ಎದುರಿಗೇ ನಿಲ್ಲಿಸಿ, ಒಳಗೆ ಬರದೆ ಬಾಗಿಲಲ್ಲಿ ನಿಂತು ಹೇಳಿದ.

“ಅಪ್ಪ ಒಪ್ಪವ್ರೆ. ಅಮ್ಮ ಇನ್ನೂ ಅಳ್ತಾವ್ಳೆ. ಒಸ ಪತ್ರಿಕೈ ಅಚ್ಚಾಕಿ ಮಾಮಾ. ಬಾಳೆಗಿಡ ವೇಣ್ಡಾಂ.”

ಸುಗನ್ಯಾ ಪರದೆಯ ಹಿಂದೆ ತಲೆ ತಗ್ಗಿಸಿ ನಕ್ಕಳು. ಮೊನ್ನೆಯಿಂದ ಮತ್ತೆ ಬರುತ್ತಿದ್ದಾಳೆ. ನನ್ನೊಂದಿಗೆ ಕೆಲಸದ ಮಾತು ಮಾತ್ರ ಆಡುತ್ತಾಳೆ. ಹೊಸ ಪತ್ರಿಕೆಯನ್ನು ಅವಳೇ ಜೋಡಿಸಿದಳು, ನಾನು ಹಿಂದೆ ನಿಂತಿದ್ದೆ. ನನ್ನ ಹೆಸರನ್ನು ಬಲಕ್ಕೆ ಇಡಲೇ ಎಂದು ಕೇಳಿದಳು. ಬೇಡ, ಇರುವ ಕಡೆಯೇ ಇರಲಿ ಎಂದೆ.

ಅವನು ಹೋದ ಮೇಲೆ, ಟೈಪ್ ಮಾಡುತ್ತಲೇ, “ಮಣೆಗೆ ಓಗಾಗ ನಾನು ನಿಮ್ಮ ಎಡಕ್ಕೆ ಬತ್ತೀನಿ. ಎಡಕ್ಕೆ ಏನಿರ್ತದೆ ಅಂತ ಮೆಲ್ಲಗೆ ಏಳ್ತಿರ್ತೀನಿ. ನೀವು ನೇರ ನೋಡ್ಕೊಂಡ್ ಬನ್ನಿ. ಯಾರ್ಗೂ ತಿಳಿಯಲ್ಲ,” ಎಂದಳು.

ರಾತ್ರಿಯ ಹನಿ ಹಾಕಿಕೊಂಡು ಕಣ್ಣು ಮುಚ್ಚಿ ಕೂತಿದ್ದಾಗ ಅಪ್ಪನ ಆ ಮಾತು ಪೂರ್ತಿಯಾಗಿ ನೆನಪಾಯಿತು. ನಮ್ಮೂರು ಓಡೈಪಟ್ಟಿಯಿಂದ ಸಂತೆಗೆ ಹೋಗುವ ದಾರಿ. ನಾನು ಕಂಬಿಯ ಮೇಲೆ. “ಎಡಕ್ಕೆ ಏನ್ ಬತ್ತದೆ ಏಳು ನೋಡಾನ.” ಗಾಡಿ, ಅಪ್ಪಾ. ಆಡು, ಅಪ್ಪಾ. ಬಸ್ಸು. ಸರಿಯಾಗಿ ಹೇಳಿದರೆ ಸೈಕಲ್ ಒಂದಿಷ್ಟು ಬಲಕ್ಕೆ ವಾಲುತ್ತಿತ್ತು, ನಾನು ಗೆದ್ದೆ ಎಂದು ನಗುತ್ತಿದ್ದೆ. ಆಮೇಲೆ ನಾನು ದೊಡ್ಡವನಾದೆ, ನನಗೆ ಆ ಆಟ ಬೇಜಾರಾಯಿತು. ಮೈಸೂರಿಗೆ ಹೋದೆ. ಅಪ್ಪ ದ್ರಾಕ್ಷಿ ಚಪ್ಪರದ ಒಂದು ಮಗ್ಗುಲನ್ನು ಸವರದೆ ಬಿಡುತ್ತಾನೆ ಎಂದು ಅಕ್ಕ ಯಾರಿಂದಲೋ ಕಾಗದ ಬರೆಸಿದ್ದಳು. ಸೋಮಾರಿಯಾಗಿದ್ದಾನೆ ಎಂದು ನಾನು ಉತ್ತರ ಬರೆದೆ.

ಚಿನ್ನಯ್ಯ ಎಂಬ ಅಪ್ಪನ ಹೆಸರನ್ನು ಹೊಸ ಪತ್ರಿಕೆಯಲ್ಲಿ ‘ಚಿ.’ ಎಂದು ಒಂದೇ ಅಕ್ಷರವಾಗಿ ಇಟ್ಟಿದ್ದೇವೆ, ನನ್ನ ಹೆಸರಿನ ಎಡಕ್ಕೆ.

ಅಪ್ಪಾ, ಆ ದಾರಿಯಲ್ಲಿ ನೀನು ನನ್ನನ್ನು ಕೇಳುತ್ತಿದ್ದದ್ದು ಆಟಕ್ಕಾಗಿಯೇನು?